ಕದ್ದು ಕೇಳಿದ ಗಾನ

ಬಹಳ ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಸಣ್ಣ ಊರಿನಲ್ಲಿ, ಸಭಾಂಗಣದ ಕಿಟಕಿಗಳಿಗೆ ಕರಿಯ ಕಂಬಳಿಗಳನ್ನು ಇಳಿಬಿಟ್ಟು ಹಗಲನ್ನೇ ಕತ್ತಲೆ ಮಾಡಿಕೊಂಡು ಏರ್ಪಡಿಸಿದ್ದ ಪ್ರದರ್ಶನವೊಂದರಲ್ಲಿ, ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಯನ್ನು ನಾನು ಮೊದಲ ಬಾರಿಗೆ ನೋಡಿದೆನು. ಚಿತ್ರ ಅರ್ಧ ದಾರಿ ನಡೆದಿರಬಹುದು; ಯಂತ್ರದೊಳಗೆ ಫಿಲಂ ಪಟ್ಟಿಯ ಅಂಚಿನಿಂದ ಧ್ವನಿಯನ್ನು ಓದಿಕೊಡುವ ಪುಟ್ಟ ದೀಪ ಪಕ್ಕನೆ ಸುಟ್ಟುಹೋಯಿತು. ಬದಲಿ ದೀಪವನ್ನು ತರಲು ಹುಡುಗನೊಬ್ಬನನ್ನು ಸೈಕಲ್ಲಿನ ಮೇಲೆ ಅಟ್ಟಿ, ಅವನು ಬರುವವರೆಗೆ ಜನ ಎದ್ದುಹೋಗದಿರಲೆಂದೋ ಏನೋ, ಯಂತ್ರ ನಡೆಸುತ್ತಿದ್ದ ಪುಣ್ಯಾತ್ಮನು ಆ ರೀಲನ್ನು ಮೂಕವಾಗಿಯೇ ಓಡಿಸಿದನು. ಹಿಂದಿನ ಸಾಲಿನಿಂದ ಒಂದೆರಡು ಸಿಳ್ಳೆಗಳು ಬಂದುವು. ಆಮೇಲೆ ಅವೂ ಸುಮ್ಮನಾದುವು. ಪರದೆಯ ಮೇಲೆ ಭೈರವಿ ವೆಂಕಟಸುಬ್ಬಯ್ಯನು ಹಾಡುತ್ತಿದ್ದನು. ಕೊರಳ ನರ ಉಬ್ಬುವುದು, ಹುಬ್ಬು ಮೇಲಕ್ಕೇರುವುದು, ಕೈ ಏನನ್ನೋ ಎತ್ತಿ ಗಾಳಿಯಲ್ಲಿ ಇಟ್ಟು ಮರಳುವುದು, ಇವೆಲ್ಲ ಕಾಣುತ್ತಿದ್ದುವು, ಹಾಡು ಮಾತ್ರ ಇರಲಿಲ್ಲ. ನಾದವನ್ನು ಕಳೆದುಬಿಟ್ಟರೆ ಗಾಯಕನೆಂಬವನು, ಹೊಳೆಯ ಆಚೆಯ ದಡದಲ್ಲಿರುವ ಯಾರನ್ನೋ ಕೂಗಿ ಕರೆಯುತ್ತಿರುವ ಮನುಷ್ಯನಂತೆ ಕಾಣುತ್ತಾನೆಂಬುದು ನನಗೆ ಅಂದು ಗೋಚರವಾಯಿತು. ಇವನು ಕರೆಯುತ್ತಿರುವುದು ಯಾರನ್ನು ಎಂಬ ಪ್ರಶ್ನೆಯೂ ಅಂದೇ ಹುಟ್ಟಿತು. ಅಂದಿನಿಂದ ಸಂಗೀತಗಾರರನ್ನು ಕುರಿತ ಯಾವ ಚಿತ್ರವನ್ನು ನೋಡಿದರೂ ಆ ಪ್ರಶ್ನೆ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತುಕೊಳ್ಳುತ್ತದೆ.

‘ಹಂಸಗೀತೆ’ 1975ರ ಚಿತ್ರ. ಅದಕ್ಕೆ ಆಧಾರ ತ. ರಾ. ಸುಬ್ಬರಾಯರ ಕಾದಂಬರಿ, ಕಾದಂಬರಿಗೆ ಆಧಾರ ಚಿತ್ರದುರ್ಗದ ಐತಿಹ್ಯ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿದ್ದನೆಂದು ಹೇಳಲಾಗುವ ಈ ಗಾಯಕನು, ನಾಯಕರ ಕೋಟೆ ಪರಾಧೀನವಾದಮೇಲೆ, ಹೊಸ ಪ್ರಭುವಿನ ಮುಂದೆ ಹಾಡಲೊಲ್ಲದೆ ದೇವರ ಸನ್ನಿಧಿಯಲ್ಲಿ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆಂಬುದು ಕಥೆಯ ಸಾರ. ನಮ್ಮಲ್ಲಿ ಈ ಕಥೆಯನ್ನು ಕೇಳಿ ತಲೆದೂಗದವರು ವಿರಳ. ದೇವರಿಗೆ ಮೀಸಲಾದ ವಿದ್ಯೆಯನ್ನು ಮನುಷ್ಯನ ಪಾದಕ್ಕೆ ಸುರಿಯಬಾರದೆಂಬ ಭಾವ ನಮ್ಮ ಸಂಸ್ಕಾರದಲ್ಲಿ ಅಷ್ಟು ಆಳವಾಗಿ ಬೇರುಬಿಟ್ಟಿದೆ. ತಂಜಾವೂರಿನ ಅರಸನ ಕರೆಯನ್ನು ತ್ಯಾಗರಾಜರು ನಿರಾಕರಿಸಿದರೆಂಬ ಸಂಪ್ರದಾಯದ ಕಥೆಯನ್ನು, 1946ರಲ್ಲಿ ಚಿತ್ತೂರು ನಾಗಯ್ಯನವರು ತಾವೇ ತ್ಯಾಗಯ್ಯನಾಗಿ ನಟಿಸಿ ನಿರ್ದೇಶಿಸಿದಂದಿನಿಂದ, ಬೆಳ್ಳಿಯ ಪರದೆಯೂ ಆ ಭಾವಕ್ಕೆ ನೀರೆರೆಯುತ್ತ ಬಂದಿದೆ.

ಆದರೆ ತಲೆದೂಗಿ ಮನೆಗೆ ಬಂದಮೇಲೆ ಒಂದು ಸಂಶಯ ಉಳಿಯುತ್ತದೆ. ನಾಲಗೆ ದೇವರಿಗೆ ಅರ್ಪಿತವಾದದ್ದೇ ಆಗಿದ್ದರೆ ಅದನ್ನು ಕತ್ತರಿಸುವ ಅಧಿಕಾರ ಗಾಯಕನಿಗೆ ಎಲ್ಲಿಂದ ಬಂದಿತು? ಅರ್ಪಿಸಿದ ಹೂವನ್ನು ಪೂಜಾರಿಯು ಹೊಸಕಿ ಹಾಕಿದರೆ ಅದನ್ನು ಭಕ್ತಿಯೆನ್ನುವುದಿಲ್ಲವಷ್ಟೆ. ಅರಸನು ಎದುರಿಗಿದ್ದರೇನು, ಕಣ್ಣು ಮುಚ್ಚಿಕೊಂಡು ದೇವರಿಗೇ ಹಾಡಬಹುದಿತ್ತಲ್ಲ. ಸಿಂಹಾಸನದ ಮೇಲೆ ಕುಳಿತವನ ಕಿವಿಗೆ ನಾದವು ಬಿದ್ದಮಾತ್ರಕ್ಕೆ ದೇವರ ಪಾಲು ಕಡಮೆಯಾಗುತ್ತಿತ್ತೆ? ಆ ಭಯಂಕರ ಕೃತ್ಯದ ಸಂಬೋಧ್ಯನು ದೇವರಲ್ಲ, ಅರಸನೇ ಎಂದು ನನಗೆ ತೋರುತ್ತದೆ. ಹಾಡಿನ ಮೂಲಕ ಹೇಳಲೊಲ್ಲದ ಮಾತನ್ನು ಗಾಯಕನು ರಕ್ತದ ಮೂಲಕ ಅವನಿಗೇ ಹೇಳಿಕಳುಹಿಸಿದನು. ಅದರಲ್ಲಿ ಘನತೆಯಿದೆ, ಸೋತ ಊರಿನ ಅಭಿಮಾನವಿದೆ. ಅಂಥ ನಿರಾಕರಣೆಯನ್ನು ಹಗುರವಾಗಿ ಕಾಣುವ ಯೋಗ್ಯತೆ ನನಗಿಲ್ಲ. ಆದರೆ ಅಭಿಮಾನವನ್ನು ಭಕ್ತಿಯ ಲೆಕ್ಕದಲ್ಲಿ ಬರೆದುಕೊಳ್ಳಬಾರದು. ‘ನಾನು ದೇವರಿಗೆ ಮಾತ್ರ ಹಾಡುತ್ತೇನೆ’ ಎಂದು ಘೋಷಿಸುವವನು, ಆ ಘೋಷಣೆಯನ್ನು ಕೇಳಲು ಒಬ್ಬ ಅರಸನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡಿರುತ್ತಾನೆ.

ಪ್ರಶ್ನೆಯನ್ನು ಇನ್ನಷ್ಟು ಗೋಜಲು ಮಾಡುವ ಸಂಗತಿಯೊಂದುಂಟು. ಆ ಚಿತ್ರದಲ್ಲಿ ಬಾಯಿ ತೆರೆದವರು ಅನಂತನಾಗ್, ಕಂಠ ಎಂ. ಬಾಲಮುರಳೀಕೃಷ್ಣ ಅವರದು, ಆ ವರ್ಷ ಉತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಅವರಿಗೆ ಸಂದದ್ದು ಅದೇ ಹಾಡುಗಾರಿಕೆಗಾಗಿ. ಎಂದಮೇಲೆ ದೀಪ ಸುಟ್ಟುಹೋದಾಗ ನಾವು ನೋಡಿದ ಮೂಕಬಾಯಿಯೇ ನಿಜವಾದ ಬಾಯಿ. ಹಾಡು ಮೊದಲಿನಿಂದಲೂ ಅಲ್ಲಿರಲಿಲ್ಲ. ಚಿತ್ರಗಳಲ್ಲಿ ಭಕ್ತಿ ಯಾವಾಗಲೂ ಹೀಗೆ ಇಬ್ಬರ, ಮೂವರ ಕೂಡಾಟದಿಂದಲೇ ಆಗುತ್ತದೆ. 1952ರ ‘ಬೈಜೂ ಬಾವ್ರಾ’ದಲ್ಲಿ ಹರಿಯ ದರ್ಶನಕ್ಕಾಗಿ ಹಂಬಲಿಸುವ ಪ್ರಾರ್ಥನೆಯನ್ನು ಬರೆದವರು ಶಕೀಲ್ ಬದಾಯೂನಿ, ರಾಗ ಹಾಕಿದವರು ನೌಷಾದ್, ಹಾಡಿದವರು ಮಹಮ್ಮದ್ ರಫಿ, ತುಟಿಯಾಡಿಸಿದವರು ಭಾರತ್ ಭೂಷಣ್. ಅದನ್ನು ಕೇಳಿ ಕಣ್ಣೀರು ಸುರಿಸಿದ ಲಕ್ಷಾಂತರ ಜನರ ಪೈಕಿ, ಈ ನಾಲ್ವರಲ್ಲಿ ಭಕ್ತನು ಯಾರು ಎಂದು ಕೇಳಿದವರುಂಟೆ? ನಮ್ಮ ತ.ರಾ.ಸು. ಅವರ ಕಥೆಯೇ ‘ಹಂಸಗೀತೆ’ ಚಿತ್ರಕ್ಕಿಂತ ಹತ್ತೊಂಬತ್ತು ವರ್ಷ ಮೊದಲು, 1956ರಲ್ಲಿ, ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಗಿತ್ತು. ಅದರಲ್ಲಿ ನಾಯಕನು ಪ್ರತಿಸ್ಪರ್ಧಿಯನ್ನು ಗಾನದಲ್ಲಿ ಸೋಲಿಸಬೇಕು. ಸೋಲಬೇಕಾದವನಿಗೆ ಕಂಠ ಕೊಟ್ಟವರು ನಮ್ಮ ಗದಗಿನ ಭೀಮಸೇನ ಜೋಶಿಯವರು, ಗೆಲ್ಲಬೇಕಾದವನಿಗೆ ಮನ್ನಾ ಡೇ. ಜೋಶಿಯವರನ್ನು ಹಾಡಿ ಸೋಲಿಸಬೇಕಂತೆ ಎಂದು ಕೇಳಿದಾಗ ಮನ್ನಾ ಡೇ ಅವರಿಗೆ ಊರು ಬಿಟ್ಟು ಓಡಿಹೋಗುವ ಮನಸ್ಸಾಗಿತ್ತಂತೆ. ಕಥೆ ಏನೇ ತೀರ್ಪು ಕೊಡಲಿ, ಕಿವಿಯುಳ್ಳವರಿಗೆ ಯಾರ ಸ್ವರ ಎಲ್ಲಿ ನಿಂತಿತೆಂಬುದು ತಿಳಿದೇ ಇರುತ್ತದೆ.

‘ಬೈಜೂ ಬಾವ್ರಾ’ದ ಹಿಂದೆಯೂ, ಈ ಬಗೆಯ ಎಲ್ಲ ಚಿತ್ರಗಳ ಹಿಂದೆಯೂ, ಒಂದು ಹಳೆಯ ಕಥೆ ಅಡಗಿದೆ. ತಾನಸೇನನ ಗುರುವಾದ ಸ್ವಾಮಿ ಹರಿದಾಸರ ಗಾನವನ್ನು ಕೇಳಬೇಕೆಂದು ಅಕ್ಬರನಿಗೆ ಆಸೆ. ಹರಿದಾಸರೋ ವೃಂದಾವನವನ್ನು ಬಿಟ್ಟು ಬರುವವರಲ್ಲ, ಕೇಳಿದರೆ ಹಾಡುವವರೂ ಅಲ್ಲ. ಚಕ್ರವರ್ತಿಯು ಸೇವಕನ ವೇಷದಲ್ಲಿ ತಂಬೂರಿ ಹೊತ್ತುಕೊಂಡು ತಾನಸೇನನ ಹಿಂದೆ ಹೋದನು. ಮರಳಿ ಬರುವಾಗ, ನಿನ್ನ ಹಾಡಿನಲ್ಲಿ ಈ ರುಚಿ ಏಕಿಲ್ಲವೆಂದು ಕೇಳಲಾಗಿ, ತಾನು ಹಾಡುವುದು ಚಕ್ರವರ್ತಿಗಾಗಿ, ಗುರುಗಳು ಹಾಡುವುದು ಭಗವಂತನಿಗಾಗಿ ಎಂದು ತಾನಸೇನನು ಉತ್ತರವಿತ್ತನಂತೆ. ಇದು ಇತಿಹಾಸವೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಹರಿಕಥೆಯಲ್ಲಿ, ಪಠ್ಯಪುಸ್ತಕದಲ್ಲಿ, ಸಿನಿಮಾದಲ್ಲಿ ಇದನ್ನು ಕೇಳದೆ ಬೆಳೆದ ಮಗುವಿಲ್ಲ. ತಾನಸೇನನ ಆ ಉತ್ತರವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಕಥೆಯ ನಡುವೆ ಬರುವ, ಯಾರೂ ಅಷ್ಟಾಗಿ ಲಕ್ಷಿಸದ ಒಂದು ಸಣ್ಣ ಉಪಾಯವೇ ನನಗೆ ಹೆಚ್ಚು ಅರ್ಥಗರ್ಭಿತವಾಗಿ ತೋರುತ್ತದೆ: ಹರಿದಾಸರು ಹಾಡುವಂತೆ ಮಾಡಲು ತಾನಸೇನನು ಬೇಕೆಂದೇ ತಪ್ಪಾಗಿ ಹಾಡಿದನು. ಶಿಷ್ಯನ ಸ್ವರ ಜಾರಿದ್ದನ್ನು ಸಹಿಸಲಾರದೆ ಗುರುಗಳು ತಾವೇ ಎತ್ತಿಕೊಂಡರು, ಎತ್ತಿಕೊಂಡವರು ಮೈಮರೆತರು.

ಎಂದರೆ ಅಂದು ಹರಿದಾಸರನ್ನು ಹಾಡಿಸಿದ್ದು ಚಕ್ರವರ್ತಿಯ ಆಸೆಯಲ್ಲ. ದೇವರ ಪ್ರೇರಣೆ ಎನ್ನುವುದಕ್ಕೂ ಕಥೆಯಲ್ಲಿ ಆಧಾರವಿಲ್ಲ. ಸ್ಥಾನ ತಪ್ಪಿದ ಒಂದು ಸ್ವರವನ್ನು ಅದರ ಸ್ಥಾನಕ್ಕೆ ತಂದು ನಿಲ್ಲಿಸಬೇಕೆಂಬ, ತಡೆಯಲಾಗದ ಒಂದು ಚಡಪಡಿಕೆ, ಅಷ್ಟೆ. ಮಗುವಿನ ಮುಖಕ್ಕೆ ಅಂಟಿದ ಮಸಿಯನ್ನು ಕಂಡ ತಾಯಿಯ ಕೈ ಸೆರಗಿನತ್ತ ತಾನಾಗಿ ಹೋಗುವಂತೆ. ಆ ಕ್ಷಣದಲ್ಲಿ ಹರಿದಾಸರಿಗೆ ದೇವರು ನೆನಪಿದ್ದನೋ ಇಲ್ಲವೋ ನಾನರಿಯೆ. ಆದರೆ ಶ್ರೋತೃವು ಖಂಡಿತವಾಗಿ ನೆನಪಿರಲಿಲ್ಲ, ಆದ್ದರಿಂದಲೇ ಅಕ್ಬರನಿಗೆ ಕೇಳುವ ಭಾಗ್ಯ ಒದಗಿತು. ಕಿರೀಟವನ್ನು ಧರಿಸಿ ಹೋಗಿದ್ದರೆ ಅವನಿಗೆ ಬೇಕಾದಷ್ಟು ಸ್ತುತಿ ದೊರಕುತ್ತಿತ್ತು, ಇದು ದೊರಕುತ್ತಿರಲಿಲ್ಲ.

ಇದೇ ಕಥೆ ಫ್ರಾನ್ಸಿನಲ್ಲಿಯೂ ಹುಟ್ಟಿದೆಯೆಂಬುದು ನನಗೆ ತಿಳಿದದ್ದು ಆಲಾಂ ಕಾರ್ನೋ ಎಂಬ ನಿರ್ದೇಶಕನ 1991ರ ಚಿತ್ರದಿಂದ. ಅದರ ಹೆಸರನ್ನು ಕನ್ನಡದಲ್ಲಿ ‘ಲೋಕದ ಎಲ್ಲ ಪ್ರಾತಃಕಾಲಗಳು’ ಎನ್ನಬಹುದು. ಪಾಸ್ಕಲ್ ಕಿನ್ಯಾರ್ ಬರೆದ ಕಾದಂಬರಿ ಅದಕ್ಕೆ ಮೂಲ. ಹದಿನೇಳನೆಯ ಶತಮಾನದ ಸ್ಯಾಂತ್ ಕೊಲೊಂಬ್ ಎಂಬವನು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ವಿಯೋಲ್ ಎಂಬ ವಾದ್ಯದಲ್ಲಿ ಅದ್ವಿತೀಯನು. ಅದಕ್ಕೆ ಏಳನೆಯ ತಂತಿಯನ್ನು ಸೇರಿಸಿದವನು ಅವನೇ ಎನ್ನುತ್ತಾರೆ. ಹೆಂಡತಿ ತೀರಿಕೊಂಡಮೇಲೆ ಅವನು ತೋಟದಲ್ಲಿ ಒಂದು ಮರದ ಗುಡಿಸಲನ್ನು ಕಟ್ಟಿಕೊಂಡು, ದಿನಕ್ಕೆ ಹಲವು ಗಂಟೆಗಳ ಕಾಲ ಅದರೊಳಗೆ ಒಬ್ಬನೇ ಕುಳಿತು ನುಡಿಸುತ್ತಾನೆ. ಹದಿನಾಲ್ಕನೆಯ ಲೂಯಿಯ ಆಸ್ಥಾನದಿಂದ ಕರೆ ಬರುತ್ತದೆ. ಬಂದವರನ್ನು ಬೈದು ಅಟ್ಟುತ್ತಾನೆ. ಮಾರೆ ಎಂಬ ತರುಣನು ಶಿಷ್ಯನಾಗಿ ಬರುತ್ತಾನೆ. ಅವನು ಅರಸನೆದುರು ನುಡಿಸಿದನೆಂದು ತಿಳಿದಾಗ ಗುರುವು ಅವನ ವಾದ್ಯವನ್ನು ಕಿತ್ತುಕೊಂಡು ಒಡೆದುಹಾಕುತ್ತಾನೆ. ಇಲ್ಲಿಯವರೆಗೆ ಇದು ನಮ್ಮ ಚಿತ್ರದುರ್ಗದ ಕಥೆಯ ಫ್ರೆಂಚ್ ತಮ್ಮನೇ ಸರಿ.

ಆದರೆ ಮಾರೆ ಸುಮ್ಮನಾಗಲಿಲ್ಲ. ಗುರುವಿನ ಗುಡಿಸಲು ಉಪ್ಪುನೇರಳೆ ಮರದ ಕೊಂಬೆಗಳ ನಡುವೆ ಇತ್ತೆಂದೂ, ಬಹಿಷ್ಕೃತನಾದ ಶಿಷ್ಯನು ಅದರ ಕೆಳಗೆ ನುಸುಳಿ ಕುಳಿತು ಕದ್ದು ಕೇಳುತ್ತಿದ್ದನೆಂದೂ 1732ರಷ್ಟು ಹಿಂದೆಯೇ ಫ್ರಾನ್ಸಿನಲ್ಲಿ ಬರೆದಿಟ್ಟವರಿದ್ದಾರೆ. ಚಿತ್ರದಲ್ಲಿ ಇದು ಇನ್ನೂ ದಾರುಣವಾಗಿದೆ. ಎಷ್ಟೋ ವರ್ಷಗಳ ಮೇಲೆ, ಆಸ್ಥಾನದಲ್ಲಿ ಕೀರ್ತಿವಂತನಾಗಿ, ಗುರುಪುತ್ರಿಯ ಆತ್ಮಹತ್ಯೆಯ ಭಾರವನ್ನು ಎದೆಯ ಮೇಲೆ ಹೊತ್ತುಕೊಂಡು, ಜರಿಯ ನಿಲುವಂಗಿಯ ಆ ಮನುಷ್ಯನು ರಾತ್ರಿ ಕುದುರೆಯೇರಿ ಬಂದು, ಚಳಿಯಲ್ಲಿ ಗುಡಿಸಲಿನ ಹಲಗೆಗೆ ಕಿವಿಯಾನಿಸಿ ಕುಳಿತುಕೊಳ್ಳುತ್ತಾನೆ. ಮುದುಕನು ಸತ್ತರೆ ಅವನ ರಚನೆಗಳೂ ಅವನೊಡನೆ ಹೋಗುತ್ತವಲ್ಲ ಎಂಬ ಕಳವಳ ಅವನಿಗೆ. ಕೊನೆಗೊಂದು ರಾತ್ರಿ ಬಾಗಿಲು ತೆರೆಯುತ್ತದೆ. ಆಗ ಅವರಿಬ್ಬರ ನಡುವೆ ನಡೆಯುವ ಸಂಭಾಷಣೆಯನ್ನು ನಾನು ಉಪನಿಷತ್ತಿನ ಗುರುಶಿಷ್ಯಸಂವಾದಗಳ ಸಾಲಿನಲ್ಲಿಡಲು ಹಿಂಜರಿಯಲಾರೆ. ಸಂಗೀತವು ಯಾರಿಗಾಗಿ ಎಂದು ಪ್ರಶ್ನೆ. ಅರಸನಿಗಾಗಿ ಅಲ್ಲವೆಂಬುದನ್ನು ಶಿಷ್ಯನು ಅಷ್ಟರೊಳಗೆ ಕಂಡುಕೊಂಡಿದ್ದಾನೆ; ಹಾಗಾದರೆ ದೇವರಿಗಾಗಿ ಎನ್ನುತ್ತಾನೆ. ಗುರುವು ಅದನ್ನೂ ಒಪ್ಪುವುದಿಲ್ಲ. ದೇವರಾದರೋ ಮಾತಾಡುವವನು, ಮಾತು ಉಳ್ಳವನು ಎಂಬುದು ಅವನ ಆಕ್ಷೇಪ. ಶಿಷ್ಯನು ಒಂದೊಂದೇ ಉತ್ತರವನ್ನು ಮುಂದಿಡುತ್ತ ಹೋಗುತ್ತಾನೆ, ಗುರುವು ಒಂದೊಂದನ್ನೇ ಕಳೆಯುತ್ತ ಬರುತ್ತಾನೆ. ನೇತಿ ನೇತಿ ಎಂಬ ನಮ್ಮ ಕ್ರಮವೇ ಅದು. ಮಾತು ಕೈಬಿಟ್ಟವರ ನೆಲೆಗೆ ಬಂದಾಗ ಇಬ್ಬರೂ ಸುಮ್ಮನಾಗಿ ವಾದ್ಯಗಳನ್ನು ತೆಗೆದುಕೊಳ್ಳುತ್ತಾರೆ.

ಆ ಚಿತ್ರದಲ್ಲಿ ನುಡಿಯುವ ವಿಯೋಲ್ ಜೋರ್ಡಿ ಸವಾಲ್ ಎಂಬ ಕಲಾವಿದರದು. ಅದನ್ನು ಕೇಳಿದಾಗ, ಮಂದ್ರಸ್ಥಾಯಿಯಲ್ಲಿ ನಮ್ಮ ರುದ್ರವೀಣೆಗೂ ಅದಕ್ಕೂ ಏನೋ ದಾಯಾದಿ ಸಂಬಂಧವಿರಬೇಕೆಂದು ಭ್ರಮೆಯಾಗುತ್ತದೆ. ತಂತಿಯ ಮೇಲೆ ಕೂದಲು ಉಜ್ಜುವ ಸದ್ದನ್ನು, ನುಡಿಸುವವನ ಉಸಿರನ್ನು ಆ ಧ್ವನಿಮುದ್ರಣದಲ್ಲಿ ಅಳಿಸಿಹಾಕಿಲ್ಲ. ಕೇಳುತ್ತ ಕುಳಿತ ನಾವೂ ಮಾರೆಯ ಹಾಗೆ ಹಲಗೆಯ ಈಚೆ ಬದಿಯಲ್ಲಿ ಕುಳಿತವರೇ ಆಗುತ್ತೇವೆ.

ಹಲಗೆಯ ಈಚೆ ಬದಿಯಲ್ಲಿ ಕುಳಿತಿರಲಾರೆನೆಂದು ಹಠ ಹಿಡಿದವನ ಕಥೆ ‘ಅಮೇಡಿಯಸ್’. ಮಿಲೋಸ್ ಫೋರ್ಮನ್ 1984ರಲ್ಲಿ ತೆಗೆದ, ಎಂಟು ಆಸ್ಕರ್ ಪಡೆದ ಈ ಚಿತ್ರವನ್ನು ಮೋಟ್ಸಾರ್ಟ್‌ನ ಕಥೆಯೆನ್ನುವುದು ವಾಡಿಕೆ. ನಿಜದಲ್ಲಿ ಅದು ಸಾಲಿಯೇರಿಯ ಕಥೆ, ಹರಕೆಯ ಕಥೆ. ಬಾಲಕ ಸಾಲಿಯೇರಿಯು ದೇವರೊಡನೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ: ಬ್ರಹ್ಮಚರ್ಯವನ್ನೂ ಶ್ರಮವನ್ನೂ ವಿನಯವನ್ನೂ ತಾನು ಕೊಡುವುದು, ಅಮರವಾದ ಸಂಗೀತವನ್ನು ದೇವರು ಕೊಡುವುದು. ನಾವು ತಿರುಪತಿಗೆ ಮುಡಿ ಕೊಡುತ್ತೇವೆ, ಅವನು ಯೌವನವನ್ನು ಕೊಟ್ಟನು. ವ್ಯತ್ಯಾಸ ಮೊತ್ತದಲ್ಲಿ ಮಾತ್ರ. ಆಮೇಲೆ ಒಂದು ದಿನ, ಮೋಟ್ಸಾರ್ಟ್‌ನ ಹೆಂಡತಿ ತಂದುಕೊಟ್ಟ ಹಸ್ತಪ್ರತಿಗಳನ್ನು ಅವನು ಹಾಳೆ ಹಾಳೆಯಾಗಿ ತಿರುವುತ್ತಾನೆ. ಒಂದು ಕಾಟೂ ಇಲ್ಲ, ತಿದ್ದುಪಡಿ ಇಲ್ಲ. ಪ್ರತಿ ಹಾಳೆಯಿಂದಲೂ ನಾದ ಎದ್ದು ಬರುತ್ತದೆ. ಕೈ ಸಡಿಲಿ ಹಾಳೆಗಳೆಲ್ಲ ನೆಲಕ್ಕೆ ಬೀಳುತ್ತವೆ. ದೇವರು ತನ್ನನ್ನು ವಂಚಿಸಿ ಒಬ್ಬ ಪೋಲಿಯ ಬಾಯಲ್ಲಿ ಹಾಡಿದನೆಂದು ಆ ಭಕ್ತನು ಶಿಲುಬೆಯನ್ನು ಬೆಂಕಿಗೆ ಹಾಕುತ್ತಾನೆ. ಚರಿತ್ರೆಯ ಸಾಲಿಯೇರಿಗೆ ಇದರಿಂದ ಅನ್ಯಾಯವಾಗಿದೆಯೆಂಬುದನ್ನು ಹೇಳಲೇಬೇಕು. ಬೀಥೋವನ್, ಶೂಬರ್ಟ್‌ರಂಥವರಿಗೆ ಪಾಠ ಹೇಳಿದ, ಮೋಟ್ಸಾರ್ಟ್ ಸತ್ತಮೇಲೆ ಅವನ ಮಗನಿಗೂ ಕಲಿಸಿದ ಸಭ್ಯನಾತನು. ಮೋಟ್ಸಾರ್ಟ್ ತಿದ್ದಿ ಬರೆಯುತ್ತಿದ್ದುದಕ್ಕೂ ಕರಡುಗಳ ಸಾಕ್ಷ್ಯವಿದೆ. ಆದರೆ ಚಿತ್ರದ ಸಾಲಿಯೇರಿಯಲ್ಲಿ ಒಂದು ಭಯಾನಕವಾದ ಸತ್ಯವಿದೆ: ವಿಯೆನ್ನಾ ನಗರದಲ್ಲಿ ಆ ಸಂಗೀತವನ್ನು ಸರಿಯಾಗಿ ಕೇಳಬಲ್ಲವನು ಅವನೊಬ್ಬನೇ. ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ ಎಂಬ ಮುಂಡಕೋಪನಿಷತ್ತಿನ ಚಿತ್ರವನ್ನು ಬಲ್ಲವರಿಗೆ, ನೋಡುವ ಹಕ್ಕಿಯ ಪದವಿಯೇ ಹಿರಿದೆಂದು ಹೇಳಬೇಕಾಗಿಲ್ಲ. ಅಂಥ ಪದವಿ ದೊರೆತಿದ್ದರೂ ಸಾಲಿಯೇರಿಯು ಅದನ್ನು ಶಿಕ್ಷೆಯೆಂದು ಬಗೆದನು.

ಕೇಳುವವನ ಪದವಿಯನ್ನು ಕೊಂಡುಕೊಳ್ಳಲು ಹೊರಟವನು ಸತ್ಯಜಿತ್ ರಾಯ್ ಅವರ ‘ಜಲ್ಸಾಘರ್’ (1958) ಚಿತ್ರದ ಜಮೀನ್ದಾರ ವಿಶ್ವಂಭರ ರಾಯ್. ನದಿ ಅವನ ಭೂಮಿಯನ್ನು ಕೊಚ್ಚಿಕೊಂಡುಹೋಗಿದೆ. ಹೆಂಡತಿಯ ಒಡವೆಗಳು ಒಂದೊಂದಾಗಿ ಕರಗಿ ಸಂಗೀತದ ಮೆಹಫಿಲುಗಳಾಗಿವೆ. ಹೊಸ ಸಾಹುಕಾರನಾದ ನೆರೆಯವನಿಗಿಂತ ತಾನು ಮೇಲೆಂದು ತೋರಿಸಲು ಏರ್ಪಡಿಸಿದ ಜಲ್ಸೆಗಾಗಿ ಕರೆಸಿದ ಹೆಂಡತಿ ಮಗ ಇಬ್ಬರೂ ಬಿರುಗಾಳಿಯಲ್ಲಿ ದೋಣಿ ಮುಳುಗಿ ಸಾಯುತ್ತಾರೆ. ಒಳಗೆ ಹಾಡು ನಡೆಯುತ್ತಿರುವಾಗ, ಅವನು ತನ್ನ ಪಾನಪಾತ್ರೆಯೊಳಗೆ ಬಿದ್ದು ಒದ್ದಾಡುತ್ತಿರುವ ಹುಳುವನ್ನು ನೋಡುತ್ತಾನೆ. ಈ ಚಿತ್ರದಲ್ಲಿ ವಿಲಾಯತ್ ಖಾನರ ಸಂಗೀತವಿದೆ, ಬೇಗಂ ಅಖ್ತರರ ಹಾಡಿದೆ, ರೋಶನ್ ಕುಮಾರಿಯವರ ಕಥಕ್ ಇದೆ. ಆದರೆ ನನ್ನ ಕಣ್ಣಿನಲ್ಲಿ ಉಳಿದಿರುವುದು ಒಂದು ಊರುಗೋಲು. ಕೊನೆಯ ಜಲ್ಸೆಯಲ್ಲಿ ನೃತ್ಯ ಮುಗಿಯುತ್ತಲೇ ನೆರೆಯ ಸಾಹುಕಾರನು ಇನಾಮು ಕೊಡಲು ಕೈ ಚಾಚುತ್ತಾನೆ. ಹಿಂದಿನಿಂದ ಬಂದ ಊರುಗೋಲಿನ ಕೊಕ್ಕೆಯು ಆ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸುತ್ತದೆ. ಮೊದಲ ಇನಾಮು ಮನೆಯ ಯಜಮಾನನದು. ತನ್ನಲ್ಲಿ ಉಳಿದಿದ್ದ ಕೊನೆಯ ನಾಣ್ಯಗಳನ್ನು ಕೊಟ್ಟು ಅವನು ಎದೆಯುಬ್ಬಿಸಿ ಕುಳಿತುಕೊಳ್ಳುತ್ತಾನೆ. ಅಷ್ಟು ಹೊತ್ತು ಆ ಕೋಣೆಯಲ್ಲಿ ನಡೆದ ನಾದವಿಲಾಸದಲ್ಲಿ ಆ ಇಬ್ಬರಿಗೂ ದಕ್ಕಿದ್ದು ಆ ಕೊಕ್ಕೆಯಷ್ಟೆ ಎಂದು ನಾನು ಮೊದಲು ತಿಳಿದಿದ್ದೆ. ಈಗ ಅಷ್ಟು ಕಠಿನವಾಗಿ ಹೇಳಲಾರೆ. ಚಿತ್ರದ ಮೊದಲಲ್ಲಿ, ದೂರದ ಮನೆಯೊಂದರಿಂದ ಗಾಳಿಯಲ್ಲಿ ತೇಲಿಬರುವ ಶಹನಾಯಿಗೆ ಅವನು ಕಿವಿಗೊಡುವ ಪರಿಯನ್ನು ನೋಡಿದರೆ, ಮುದುಕನೊಳಗೆ ಒಬ್ಬ ನಿಜವಾದ ರಸಿಕನೂ ಇದ್ದನೆಂದು ಒಪ್ಪಬೇಕಾಗುತ್ತದೆ. ಅದು ಅವನಿಗಾಗಿ ನುಡಿಸಿದ್ದಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಕಥಾಚಿತ್ರಗಳನ್ನು ಬಿಟ್ಟು ಸಾಕ್ಷ್ಯಚಿತ್ರಗಳಿಗೆ ಬಂದರೆ ಈ ಪ್ರಶ್ನೆಗೆ ಬೇರೊಂದು ಮುಖ ಬರುತ್ತದೆ, ಏಕೆಂದರೆ ಇಲ್ಲಿ ಕದ್ದು ಕೇಳುವವನು ಕ್ಯಾಮರಾದವನೇ. ಬೀಟಲ್ಸ್ ತಂಡದವರು 1969ರ ಜನವರಿಯಲ್ಲಿ ಹಾಡು ಕಟ್ಟುತ್ತ ಕುಳಿತಿದ್ದ ದಿನಗಳ ಚಿತ್ರಣವನ್ನು ಪೀಟರ್ ಜಾಕ್ಸನ್ 2021ರಲ್ಲಿ ‘ಗೆಟ್ ಬ್ಯಾಕ್’ ಎಂಬ ಸುಮಾರು ಎಂಟು ಗಂಟೆಗಳ ಕೃತಿಯಾಗಿ ಹೊರತಂದರು. ಅದರಲ್ಲಿ ಒಂದು ಬೆಳಗ್ಗೆ, ಸಂಗಡಿಗರಲ್ಲಿ ಒಬ್ಬನು ಆಕಳಿಸುತ್ತಿರುವಾಗ, ಪಾಲ್ ಮೆಕಾರ್ಟ್ನಿ ತಂತಿಗಳನ್ನು ಬಡಿಯುತ್ತ, ಪದವಿಲ್ಲದ ಗುನುಗಿನಲ್ಲಿ ತಡಕಾಡುತ್ತ, ನಾವು ನೋಡನೋಡುತ್ತಿರುವಂತೆಯೇ ಜಗತ್ಪ್ರಸಿದ್ಧವಾದ ಒಂದು ಹಾಡನ್ನು ಶೂನ್ಯದಿಂದ ಎಳೆದು ತರುತ್ತಾರೆ. ದೇವರೂ ಅರಸನೂ ಇಬ್ಬರೂ ಇಲ್ಲದ ಆ ಕೋಣೆಯಲ್ಲಿ ನಡೆಯುವುದೂ ಹರಿದಾಸರ ಚಡಪಡಿಕೆಯೇ: ಎಲ್ಲಿಯೋ ಇರುವ ಸರಿಯಾದದ್ದೊಂದು ಕೈಗೆ ಸಿಕ್ಕುವವರೆಗೆ ಬಿಡಲಾಗದಿರುವುದು. ಆದರೆ ಅದೇ ಕೃತಿಯಲ್ಲಿ ಇನ್ನೊಂದು ಭಾಗವುಂಟು. ಊಟದ ಕೋಣೆಯ ಹೂಕುಂಡದಲ್ಲಿ ಧ್ವನಿಗ್ರಾಹಕವೊಂದನ್ನು ಬಚ್ಚಿಟ್ಟು, ಲೆನನ್ ಮತ್ತು ಮೆಕಾರ್ಟ್ನಿ ತಮ್ಮೊಳಗೇ ಆಡಿದ ಅಂತರಂಗದ ಮಾತುಗಳನ್ನು ಮುದ್ರಿಸಿಕೊಂಡಿದ್ದಾರೆ. ಅದನ್ನು ಕೇಳುವಾಗ ನನಗೆ ಕುತೂಹಲವೂ ಆಯಿತು, ನಾಚಿಕೆಯೂ ಆಯಿತು. ಅಕ್ಬರನು ವೇಷ ಹಾಕಿದ್ದೂ ಕಪಟವೇ, ಹೂಕುಂಡವೂ ಕಪಟವೇ; ಒಂದು ನಮಗೆ ಪುಣ್ಯಕಥೆಯೆನಿಸಿ ಇನ್ನೊಂದು ಕಳ್ಳತನವೆನಿಸುವುದೇಕೆ? ಅಕ್ಬರನು ತಂಬೂರಿ ಹೊತ್ತನು, ಬೆವರಿದನು, ಕೆಳಗೆ ಕುಳಿತನು. ಕದ್ದದ್ದಕ್ಕೆ ಬೆಲೆ ತೆತ್ತನು. ಹೂಕುಂಡವು ಏನನ್ನೂ ತೆರಲಿಲ್ಲ. ಕದ್ದು ಕೇಳುವುದರಲ್ಲಿಯೂ ಒಂದು ದೀಕ್ಷೆ ಇದೆಯೆಂದು ಇದರಿಂದ ತೋರುತ್ತದೆ.

ರೋಡ್ರಿಗೆಸ್ ಎಂಬ ಗಾಯಕನನ್ನು ಕುರಿತ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ (2012) ಚಿತ್ರವನ್ನು ಕೇಳುಗರ ಹಂಗಿಲ್ಲದೆ ಹಾಡುವುದಕ್ಕೆ ಉದಾಹರಣೆಯಾಗಿ ಅನೇಕರು ಎತ್ತಿಕೊಳ್ಳುವುದುಂಟು. 1970ರಲ್ಲಿ ಒಂದು, 1971ರಲ್ಲಿ ಒಂದು, ಹೀಗೆ ಎರಡು ಧ್ವನಿಮುದ್ರಿಕೆಗಳನ್ನು ಹೊರತಂದು, ಕೊಳ್ಳುವವರಿಲ್ಲದೆ, ಡೆಟ್ರಾಯ್ಟ್ ನಗರದಲ್ಲಿ ಹಳೆಯ ಕಟ್ಟಡಗಳನ್ನು ಕೆಡವುವ ಕೂಲಿಯಾದ ಆತನಿಗೆ, ತನ್ನ ಹಾಡುಗಳು ದಕ್ಷಿಣ ಆಫ್ರಿಕದಲ್ಲಿ ಮನೆಮಾತಾಗಿವೆಯೆಂಬುದು ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ಫಲದ ಆಸೆಯನ್ನು ಬಿಟ್ಟ ಕರ್ಮಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ ಎಂದು ಗೀತಾಪ್ರವಚನಕಾರರು ಕೇಳಬಹುದು. ಆದರೆ ಆಸ್ಟ್ರೇಲಿಯದಲ್ಲಿ ಆತನಿಗೆ ಅಭಿಮಾನಿಗಳಿದ್ದರೆಂಬುದನ್ನೂ, 1979ರಲ್ಲಿಯೇ ಅಲ್ಲಿಗೆ ಹೋಗಿ ಹಾಡಿಬಂದಿದ್ದನೆಂಬುದನ್ನೂ ಚಿತ್ರವು ಬಿಟ್ಟುಬಿಟ್ಟಿದೆ. ಕಥೆ ಸೊಗಸಾಗಲೆಂದು ಶ್ರೋತೃಗಳನ್ನು ಅಳಿಸಿಹಾಕುವುದು ಕೂಡ ಒಂದು ಬಗೆಯ ಅಪಶ್ರುತಿ.

ಶ್ರುತಿಯ ಮಾತು ಬಂದದ್ದರಿಂದ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದುದನ್ನು ಹೇಳದೆ ಮುಂದೆ ಹೋಗಲಾರೆ. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಜಾರ್ಜ್ ಹ್ಯಾರಿಸನ್ ಮತ್ತು ರವಿಶಂಕರ್ ಏರ್ಪಡಿಸಿದ ಕಛೇರಿ ಅದು. ಮರುವರ್ಷ ಚಿತ್ರವಾಗಿ ತೆರೆಗೆ ಬಂದಿತು. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಮತ್ತು ತಂಬೂರಿಯೊಡನೆ ಕಮಲಾ ಚಕ್ರವರ್ತಿ ವೇದಿಕೆಯ ಮೇಲೆ ಕುಳಿತು ಒಂದೆರಡು ನಿಮಿಷ ಶ್ರುತಿ ಕೂಡಿಸಿಕೊಂಡರು. ಮುಗಿಯುತ್ತಲೇ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಶ್ರುತಿ ಕೂಡಿಸಿದ್ದೇ ನಿಮಗಿಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸಬಹುದೆಂದು ಆಶಿಸುತ್ತೇನೆ ಎಂಬ ಅರ್ಥದ ಮಾತನ್ನು ರವಿಶಂಕರ್ ನಸುನಗುತ್ತ ಆಡಿದರು. ನಮ್ಮ ಸಂಗೀತಪ್ರಿಯರ ಮನೆಗಳಲ್ಲಿ ಇದನ್ನು ಹೇಳಿಕೊಂಡು ನಗದವರಿಲ್ಲ, ನಾನೂ ನಕ್ಕವನೇ. ಈಚೆಗೆ ಆ ನಗೆ ನನ್ನಲ್ಲಿ ಸ್ವಲ್ಪ ಇಳಿದಿದೆ. ತಂತಿಯೊಂದು ತನ್ನ ಸ್ಥಾನವನ್ನು ಹುಡುಕುತ್ತ, ದಾಟುತ್ತ, ಮರಳುತ್ತ, ಪಕ್ಕದ ತಂತಿ ತಾನಾಗಿ ಮಿಡಿಯುವಂತೆ ಕೊನೆಗೆ ಅಲ್ಲಿಯೇ ನಿಂತುಬಿಡುವ ಕ್ಷಣವನ್ನು ಕೇಳಿ, ಏನೋ ನೆರವೇರಿತೆಂದು ಎಂದೂ ಸಂಗೀತಶಾಸ್ತ್ರವನ್ನು ಓದದ ಆ ಸಾವಿರಾರು ತರುಣತರುಣಿಯರಿಗೆ ಅನ್ನಿಸಿದ್ದರೆ, ಅವರು ಪೂರ್ತಿಯಾಗಿ ತಪ್ಪಿದರೆಂದು ಹೇಗೆ ಹೇಳುವುದು? ಆ ಎರಡು ನಿಮಿಷ ಕಲಾವಿದರು ಯಾರಿಗಾಗಿಯೂ ನುಡಿಸುತ್ತಿರಲಿಲ್ಲ. ಸಭೆಗೆ ಬೆನ್ನು ಹಾಕಿದವರಂತೆ, ತಂತಿಗೆ ಕಿವಿಯಿಟ್ಟು, ಸ್ವರವು ಸ್ವರವಾಗಲೆಂಬ ಒಂದೇ ಲಕ್ಷ್ಯದಲ್ಲಿದ್ದರು.

ಅಂಥ ಏಕಾಗ್ರತೆ ಕೇಳುವವರಲ್ಲಿಯೂ ಇದ್ದ ಮನೆಯೊಂದಿತ್ತು. ವೀಣೆ ಧನಮ್ಮಾಳ್ ಅವರು ಮದರಾಸಿನ ಜಾರ್ಜ್ ಟೌನಿನ ತಮ್ಮ ಮನೆಯಲ್ಲಿ ಶುಕ್ರವಾರ ಸಂಜೆಗಳಲ್ಲಿ ನುಡಿಸುತ್ತಿದ್ದುದನ್ನು ಕೇಳಿದವರು, ಅಲ್ಲಿ ಕೆಮ್ಮುವುದಕ್ಕೂ ಧೈರ್ಯ ಬೇಕಾಗಿತ್ತೆಂದು ಹೇಳುತ್ತಿದ್ದರು. ಪಕ್ಕವಾದ್ಯವಿಲ್ಲ, ವೇದಿಕೆಯಿಲ್ಲ, ದೊಡ್ಡ ದೊಡ್ಡ ವಿದ್ವಾಂಸರು ನೆಲದ ಮೇಲೆ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದರಂತೆ. ಆಕೆ 1938ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಬಾಲಸರಸ್ವತಿಯವರನ್ನು ಕುರಿತು ಸತ್ಯಜಿತ್ ರಾಯ್ 1976ರಲ್ಲಿ ಅರ್ಧ ಗಂಟೆಯ ಆಸುಪಾಸಿನ ‘ಬಾಲಾ’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ತಾವು ಹುಡುಗನಾಗಿದ್ದಾಗ, 1935ರಲ್ಲಿ, ಕಲ್ಕತ್ತೆಯಲ್ಲಿ ಆಕೆಯ ನೃತ್ಯವನ್ನು ನೋಡಿದ್ದವರು ರಾಯ್. ಕ್ಯಾಮರಾದೊಡನೆ ಹೋಗುವಷ್ಟರಲ್ಲಿ ನಲವತ್ತು ವರ್ಷ ಕಳೆದು ಆಕೆಗೆ ಐವತ್ತೆಂಟು ತುಂಬಿತ್ತು. ಚಿತ್ರವನ್ನು ರಾಯ್ ಅವರ ಶ್ರೇಷ್ಠ ಕೃತಿಗಳಲ್ಲಿ ಎಣಿಸುವವರು ಕಡಮೆ. ವಿವರಣೆ ಸ್ವಲ್ಪ ಒಣಗಲು ಎಂಬುದೂ ನಿಜ.

ಅದರ ನಡುವೆ ಒಂದು ಸಮುದ್ರತೀರ ಬರುತ್ತದೆ. ದೇವದಾಸೀ ಪರಂಪರೆಯ ತಮಿಳು ಮನೆತನದ ಈ ಹೆಣ್ಣುಮಗಳು, ಬಂಗಾಳಿ ನಿರ್ದೇಶಕರೊಬ್ಬರ ಕ್ಯಾಮರಾದ ಮುಂದೆ, ನಮ್ಮ ವ್ಯಾಸರಾಯರ ಕನ್ನಡ ದೇವರನಾಮಕ್ಕೆ ಅಭಿನಯಿಸುತ್ತಾರೆ: ‘ಕೃಷ್ಣಾ ನೀ ಬೇಗನೆ ಬಾರೋ’. ಆಲಯವಿಲ್ಲ, ಆಸ್ಥಾನವಿಲ್ಲ, ರಸಿಕಸಭೆಯಿಲ್ಲ, ಹಿಂದೆ ಅಲೆಗಳು. ರಂಗಮಂದಿರದಲ್ಲಿ ಎಂದೂ ಬೀಸದ ಗಾಳಿ ಇಲ್ಲಿ ಬೀಸಿ ಬೀಸಿ ಸೀರೆಯನ್ನು ಮೈಗೆ ಸುತ್ತುತ್ತದೆ, ಬಿಡಿಸುತ್ತದೆ, ಸೆರಗನ್ನು ಎಳೆಯುತ್ತದೆ. ಚಿತ್ರಕ್ಕೆ ಈ ಗಾಳಿಯಿಂದ ಕೆಡುಕಾಯಿತೆಂದು ಬಲ್ಲವರು ಹೇಳುತ್ತಾರೆ. ಸಣ್ಣ ಸಣ್ಣ ಹಸ್ತಗಳು ಆ ಬಯಲಿನಲ್ಲಿ ಕರಗಿಹೋಗುತ್ತವೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆಕೆ ಮಾತ್ರ ಗಾಳಿಯೊಡನೆ ಜಗಳವಾಡುವುದಿಲ್ಲ. ಕ್ಯಾಮರಾ ನಿಂತಿರುವುದು ಸರಿಯಾಗಿ ಆ ಕೂಸು ಬರಬೇಕಾದ ಕಡೆಯಲ್ಲಿ. ಆದರೆ ಆಕೆಯ ಕಣ್ಣು ಕ್ಯಾಮರಾವನ್ನು ದಾಟಿ, ನಮ್ಮನ್ನು ದಾಟಿ, ಇನ್ನೂ ಸ್ವಲ್ಪ ಹಿಂದೆ, ಮಗುವಿನ ಎತ್ತರದಲ್ಲಿ ಎಲ್ಲಿಯೋ ನೆಟ್ಟಿರುತ್ತದೆ. ಸೆರಗು ಮತ್ತೆ ಹಾರುತ್ತದೆ. ಕೈ ಮತ್ತೊಮ್ಮೆ ಮುಂದೆ ಬಂದು, ಬೆರಳುಗಳು ಒಂದೊಂದಾಗಿ ಮಡಿಚಿಕೊಂಡು, ಬಾ ಎನ್ನುತ್ತವೆ.